ಎಲೆ ಮಗುಚಿ ನೋಡುವ ಟೀಚರ್

ಕಳೆದ ತಿಂಗಳು ನಮ್ಮ ಶಾಲೆಯ ವಿಜ್ಞಾನ ಟೀಚರ್ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಮೈಕಿನ ಮುಂದೆ ನಿಂತವರೆಲ್ಲ ಒಂದೇ ಮಾತನ್ನು ತಿರುಗಿಸಿ ಮುರುಗಿಸಿ ಆಡಿದರು. ‘ಮೌನದಲ್ಲೇ ಪಾಠ ಮಾಡಿದ ತಾಯಿ’ ಎಂದರು ಒಬ್ಬರು. ‘ಶಾಂತಮೂರ್ತಿ’ ಎಂದರು ಇನ್ನೊಬ್ಬರು. ನನಗೆ ಮೈಯೆಲ್ಲ ಉರಿಯಿತು. ಶಾಂತಮೂರ್ತಿಯಂತೆ! ಅವರ ತರಗತಿಯಷ್ಟು ಗಲಾಟೆಯ ತರಗತಿ ಇಡೀ ಮಂಗಳೂರಿನಲ್ಲಿ ಇನ್ನೊಂದಿರಲಿಕ್ಕಿಲ್ಲ. ಅದರ ಪಕ್ಕದ ಕೋಣೆಯಲ್ಲಿ ಕನ್ನಡ ಪಾಠ ಮಾಡಿ ಸುಸ್ತಾದವನು ನಾನು, ನನಗೆ ಗೊತ್ತಿಲ್ಲವೇ? ನನ್ನ ಸರದಿ ಬಂದಾಗ ಇದನ್ನೆಲ್ಲ ಹೇಳಿಬಿಡಬೇಕು ಎಂದಿದ್ದೆ. ಎದ್ದು ನಿಂತವನು ಎರಡೇ ಮಾತು ಹೇಳಿ ಕೂತೆ. ಆದ್ದರಿಂದ ಈಗ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ಅವರು ಮನೆಗೇ ಬಂದು ಬೈದಾರು.

ಅವರು ಬೆಂಗ್ರೆಯವರು. ಅತ್ತ ಸಮುದ್ರ, ಇತ್ತ ನದಿ, ನಡುವೆ ಮರಳಿನ ಪಟ್ಟಿಯ ಮೇಲೆ ಊರು. ಅಪ್ಪ ದೋಣಿಗೆ ಹೋಗುತ್ತಿದ್ದರು, ಅಮ್ಮ ಬಂದರಿನಲ್ಲಿ ಮೀನು ಮಾರುತ್ತಿದ್ದರು. ಇಂಜಿನ್ನಿನ ಸದ್ದಿನ ಮೇಲೆ, ಮಾರ್ಕೆಟಿನ ಗದ್ದಲದ ಮೇಲೆ ಕೇಳಿಸುವ ಹಾಗೆ ಮಾತಾಡುವುದು ಆ ಮನೆಯ ಪದ್ಧತಿ. ಟೀಚರ್ ಫೆರಿ ಹತ್ತಿ ಈಚೆ ದಡಕ್ಕೆ ಬಂದು, ಬಿ.ಎಡ್. ಮಾಡಿ, ನಮ್ಮ ಶಾಲೆ ಸೇರಿದರು. ಸ್ವರವನ್ನು ಮಾತ್ರ ಆಚೆ ದಡದಲ್ಲಿ ಬಿಟ್ಟು ಬರಲಿಲ್ಲ. ನಾನು ಹಳಗನ್ನಡ ಪದ್ಯಕ್ಕೆ ಅರ್ಥ ಹೇಳುತ್ತಿದ್ದರೆ ನನ್ನ ಹಿಂದಿನ ಬೆಂಚಿನವರು ಗೋಡೆಯಾಚೆಯ ಪಾಠ ಕೇಳಿ ದ್ಯುತಿಸಂಶ್ಲೇಷಣೆಯ ನೋಟ್ಸ್ ಬರೆದುಕೊಳ್ಳುತ್ತಿದ್ದರು. ನಾನು ಸ್ಟಾಫ್ ರೂಮಿನಲ್ಲಿ ಜಗಳಕ್ಕೆ ಹೋದೆ.

“ಟೀಚರೇ, ಸ್ವಲ್ಪ ಮೆಲ್ಲ ಮಾತಾಡ್ಲಿಕ್ಕೆ ಆಗುವುದಿಲ್ವಾ?”

“ಆಗ್ತದೆ ಮಾಸ್ಟ್ರೇ. ನೀವು ಸ್ವಲ್ಪ ಜೋರು ಮಾಡಿ, ಸಮ ಆಗ್ತದೆ.”

ಇಂಥವರ ಹತ್ತಿರ ಎಂತ ಜಗಳ ಮಾಡುವುದು?

ಅವರದ್ದೊಂದು ಚಾಳಿ ಇತ್ತು. ಯಾವ ಎಲೆ ಕಂಡರೂ ಮಗುಚಿ ನೋಡದೆ ಮುಂದೆ ಹೋಗುವವರಲ್ಲ. ಬಸ್ ಸ್ಟ್ಯಾಂಡಿನ ಪಕ್ಕದ ಪಾಗಾರದ ಗೋಡೆಯಲ್ಲಿ ಬೆಳೆದ ಎಲೆ, ಮದುವೆ ಹಾಲ್‌ನ ಅಲಂಕಾರದ ಎಲೆ, ಯಾವುದಾದರೂ ಸರಿ. ಮೀನು ಕೊಳ್ಳುವಾಗಲೂ ಹಾಗೆಯೇ. ಮೇಲಿನ ಹೊಳಪಿಗೆ ಮರುಳಾಗದೆ ಕಿವಿರು ಎತ್ತಿ ನೋಡುತ್ತಿದ್ದರು. ನಾವೆಲ್ಲ ಬಂಗುಡೆ ಬೇಕಾದಾಗ ಅವರನ್ನೇ ಕರೆದುಕೊಂಡು ಹೋಗುತ್ತಿದ್ದೆವು. ತರಗತಿಯಲ್ಲಿ ಮಕ್ಕಳು ಏನಾದರೂ ತೋಚಿದ್ದನ್ನು ಹೇಳಿದರೆ ಒಂದೇ ಗದರಿಕೆ: “ಮಗುಚಿ ನೋಡಿದ್ದೀಯಾ? ಇಲ್ಲ ಅಲ್ವಾ? ಮತ್ತೆ ಬಾಯಿ ಎಂತಕ್ಕೆ ಬಿಡ್ತೀಯಾ?”

ನಾಲ್ಕೈದು ವರ್ಷದ ಹಿಂದೆ ಅವರ ಕುತ್ತಿಗೆಯಲ್ಲಿ ಗಡ್ಡೆ ಕಾಣಿಸಿತು. ಅತ್ತಾವರದ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಎಂದಾಯಿತು. ಗಡ್ಡೆ ಸ್ವರದ ನರಕ್ಕೆ ಅಂಟಿಕೊಂಡಿದೆ, ಗಡ್ಡೆ ತೆಗೆದರೆ ಸ್ವರ ಉಳಿಯುವ ಭರವಸೆ ಇಲ್ಲ ಎಂದು ವೈದ್ಯರು ಮೊದಲೇ ಹೇಳಿದ್ದರು. ಹಿಂದಿನ ದಿನ ಸಂಜೆ ನಾನೂ ನನ್ನ ಹೆಂಡತಿಯೂ ನೋಡಲು ಹೋದೆವು. ಬರಿಗೈಯಲ್ಲಿ ಹೇಗೆ ಹೋಗುವುದೆಂದು ಆಸ್ಪತ್ರೆಯ ಎದುರಿನ ಅಂಗಡಿಯಿಂದ ಒಂದು ಬೊಕೆ ತೆಗೆದುಕೊಂಡಿದ್ದೆವು. ಗುಲಾಬಿಯ ಸುತ್ತ ಹಸಿರು ಎಳೆ ಎಳೆಯಾದ ಸೊಪ್ಪು ಸಿಕ್ಕಿಸಿದ್ದರು. ಅವರು ಗುಲಾಬಿಯ ಕಡೆ ನೋಡಲೇ ಇಲ್ಲ.

“ಇದಕ್ಕೆ ಅಂಗಡಿಯವ ಎಂತ ಹೇಳಿದ?”

“ಫರ್ನ್ ಅಂತ ಹೇಳಿದ” ಎಂದಳು ನನ್ನ ಹೆಂಡತಿ.

“ಫರ್ನ್ ಅಂತೆ, ಮಣ್ಣಾಂಗಟ್ಟಿ! ಇದಕ್ಕೆ ಸಣ್ಣ ಬಿಳಿ ಹೂ ಬಿಡ್ತದೆ, ಕೆಂಪು ಹಣ್ಣು ಆಗ್ತದೆ. ಫರ್ನ್ ಅಂದ್ರೆ ಜರಿಗಿಡ, ಹೂ ಬಿಡುವುದು ಯಾವುದೂ ಫರ್ನ್ ಅಲ್ಲ. ಎಳೆ ಎಳೆ ಇದ್ದದ್ದೆಲ್ಲ ಜರಿಗಿಡವಾ? ಹಾಗಾದ್ರೆ ನಮ್ಮ ಮಾಸ್ಟ್ರ ತಲೆಕೂದಲೂ ಜರಿಗಿಡವೇ!”

ವಾರ್ಡಿನವರೆಲ್ಲ ನಮ್ಮತ್ತ ತಿರುಗಿದರು. ನರ್ಸ್ ಬಂದು ಮೆಲ್ಲ ಮಾತಾಡಿ ಎಂದಳು. ಅವರ ದೊಡ್ಡ ಸ್ವರದಲ್ಲಿ ನಾನು ಕೇಳಿದ ಕೊನೆಯ ಪಾಠ ಅದು. ಈಗಲೂ ನೆನೆದರೆ ನಗು ಬರುತ್ತದೆ.

ಗಡ್ಡೆ ಹೋಯಿತು, ಜೀವ ಉಳಿಯಿತು, ಸ್ವರ ಹೋಯಿತು. ಉಳಿದದ್ದು ಒಂದು ಪಿಸುಮಾತು. ಪಕ್ಕದಲ್ಲಿ ಕೂತವರಿಗೆ ಕೇಳಿಸೀತು, ಎದುರಿನ ಬೆಂಚಿಗೆ ಇಲ್ಲ. ರಜೆ ಮುಗಿದ ಮರುದಿನವೇ ಬಂದರು. ಕಾಲರಿಗೆ ಸಿಕ್ಕಿಸುವ ಮೈಕ್ ತರಿಸಿಕೊಂಡರು. ಅದರಲ್ಲಿ ಉಸಿರೇ ದೊಡ್ಡದಾಗಿ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಮಕ್ಕಳು ಪಾಪ, ತಡೆದು ತಡೆದು ಕೊನೆಗೆ ನಕ್ಕುಬಿಟ್ಟರು. ಟೀಚರ್ ಮೈಕ್ ತೆಗೆದು ಮೇಜಿನ ಒಳಗಿಟ್ಟರು. ಆ ದಿನ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಕೂತು ಪಿಸುಗುಟ್ಟಿದರು: “ಸಾಕು ಮಾಸ್ಟ್ರೇ. ಇಷ್ಟು ವರ್ಷ ನಾನೇ ಹೇಳಿದೆ. ಇನ್ನು ಅವರೇ ಹೇಳ್ಲಿ.”

ಅಲ್ಲಿಂದ ಶುರುವಾಯಿತು ನೋಡಿ ಆ ಗಲಾಟೆ. ಅವರು ಮೇಜಿನ ಮೇಲೆ ಗಿಡಗಳನ್ನು ತಂದಿಡುವರು. ಒಂದೊಂದು ಗಿಡಕ್ಕೂ ಒಬ್ಬೊಬ್ಬ ಹುಡುಗ ಇಲ್ಲವೇ ಹುಡುಗಿ ವಕೀಲರು. ಗಿಡವೇ ಮಾತಾಡಿದ ಹಾಗೆ ಮಾತಾಡಬೇಕು, ಹೇಳಿದ್ದಕ್ಕೆ ಗಿಡದಲ್ಲೇ ಸಾಕ್ಷಿ ತೋರಿಸಬೇಕು. ಟೀಚರಿಗೆ ಸನ್ನೆಗಳು ಕೆಲವೇ. ಬೆರಳ ಗಂಟಿನಿಂದ ಮೇಜು ಕುಟ್ಟಿದರೆ ‘ಮುಂದೆ ಹೇಳು’. ಅಂಗೈಯನ್ನು ಹೊರಳಿಸಿದರೆ ‘ಮಗುಚಿ ನೋಡು’. ತಪ್ಪು ಹೇಳಿದರೆ ತಪ್ಪೆಂದು ತಲೆಯಾಡಿಸುತ್ತಿರಲಿಲ್ಲ, ಅಂಗೈ ಹೊರಳಿಸುತ್ತಿದ್ದರು ಅಷ್ಟೇ. ಮಕ್ಕಳು ಕಚ್ಚಾಡುವುದು, ಭೂತಗನ್ನಡಿಗಾಗಿ ಕಿತ್ತಾಡುವುದು, ತುಳುವಿನಲ್ಲಿ ಬೈದುಕೊಳ್ಳುವುದು, ಎಲ್ಲವೂ ಗೋಡೆ ದಾಟಿ ನನ್ನ ಕೋಣೆಗೆ. ಅವರ ಸ್ವರವೊಂದೇ ಇದ್ದಾಗ ನನಗೆ ಎಷ್ಟೋ ಸುಖವಿತ್ತು!

ಆದರೆ ಹೊರಗಿನವರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಮುಂದಿನ ಆಗಸ್ಟ್‌ನಲ್ಲಿ ಪೋಷಕರ ಸಭೆ ನಡೆಯಿತು. ಒಬ್ಬ ತಂದೆ ಎದ್ದು ಹೇಳಿದರು: “ಟೀಚರ ಮೇಲೆ ನಮಗೆ ಗೌರವ ಉಂಟು. ಆದ್ರೆ ನನ್ನ ಮಗಳಿಗೆ ಬರುವ ವರ್ಷ ಎಸ್ಸೆಸ್ಸೆಲ್ಸಿ. ಮಾತೇ ಬಾರದ ಟೀಚರ್ ಪಾಠ ಹೇಗೆ ಮಾಡುವುದು? ನೀವೇ ಹೇಳಿ.” ಆತ ಕೆಟ್ಟವರಲ್ಲ. ಮಗಳ ಚಿಂತೆ ಅವರಿಗೆ.

ನಮ್ಮ ಸಂಚಾಲಕರೂ ಕೆಟ್ಟವರಲ್ಲ. ಬಜಪೆ ಕಡೆಯ ಬೇಸಾಯದ ಮನೆಯವರು, ದುಬಾಯಿಯಲ್ಲಿ ದುಡಿದು ಬಂದು ಶಾಲೆಯ ಹೊಣೆ ಹೊತ್ತವರು. ಟೀಚರನ್ನು ಕರೆಸಿ, ಕೂರಿಸಿ, ಚಹಾ ತರಿಸಿ ಹೇಳಿದರು: “ಲೈಬ್ರರಿ ನೋಡಿಕೊಳ್ಳಿ ಟೀಚರ್. ಸಂಬಳಕ್ಕೆ ಎಂತದೂ ತೊಂದರೆ ಇಲ್ಲ. ನಿಮ್ಮ ಆರೋಗ್ಯಕ್ಕೂ ಒಳ್ಳೆಯದು. ನಿವೃತ್ತಿಯವರೆಗೆ ಆರಾಮ.” ಹೆಡ್ ಟೀಚರ್ ಜೊತೆಗಿದ್ದರು. ಆಮೇಲೆ ನಡೆದದ್ದನ್ನು ನಮಗೆ ಅವರೇ ಹೇಳಿದ್ದು. ಟೀಚರ್ ಚಹಾ ಪೂರ್ತಿ ಕುಡಿದರಂತೆ. ಆಮೇಲೆ ಎದ್ದು, ಮೇಜು ಸುತ್ತಿ ಸಂಚಾಲಕರ ಕುರ್ಚಿಯ ಪಕ್ಕಕ್ಕೇ ಹೋಗಿ, ಕಿವಿಯ ಹತ್ತಿರ ಬಗ್ಗಿ ಹೇಳಿದರಂತೆ: “ಒಂದು ಪಾಠ ಕೂತು ನೋಡಿ. ಆಮೇಲೆ ಲೈಬ್ರರಿ ಅಂತ ಹೇಳಿದ್ರೆ ಹೋಗ್ತೇನೆ.”

ಸಂಚಾಲಕರು ಒಪ್ಪಿದರು. ಬರುವ ಶುಕ್ರವಾರ ಒಂಬತ್ತನೇ ತರಗತಿ, ಸಸ್ಯಗಳ ವರ್ಗೀಕರಣ. ಹೂ ಬಿಡದ ಜರಿಗಿಡಕ್ಕೂ ಹೂ ಬಿಡುವ ಅಕೇಶಿಯಾಕ್ಕೂ ಏನು ವ್ಯತ್ಯಾಸ ಎಂಬ ಪಾಠ. ಎರಡೂ ನಮ್ಮ ಶಾಲೆಯಲ್ಲೇ ಬೇಕಾದಷ್ಟು ಇದ್ದವು. ಕೆಂಪುಕಲ್ಲಿನ ಪಾಗಾರದ ತುಂಬ ಜರಿಗಿಡ, ಆಟದ ಮೈದಾನದ ಅಂಚಿಗೆ ಅಕೇಶಿಯಾ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಸಂಚಾಲಕರಿಗೆ ಶಾಲೆಯ ಜಗಲಿಯನ್ನು ಚಂದ ಮಾಡುವ ಹುಚ್ಚು ಹತ್ತಿತ್ತು. ಸಾಲಾಗಿ ಕುಂಡ ಇಡಿಸಿ, ಮೈದಾನದ ಅಂಚಿನ ಮಣ್ಣು ತುಂಬಿಸಿದ್ದರು. ಅವರು ತಂದು ನೆಟ್ಟ ಗಿಡಗಳೆಲ್ಲ ಸತ್ತವು. ಮೊದಲ ಮಳೆಗೆ ಆ ಕುಂಡಗಳಲ್ಲಿ ತಾನಾಗಿಯೇ ಏನೋ ಹುಟ್ಟಿತು. ಸಣ್ಣ ಸಣ್ಣ ಎಲೆ, ಗರಿಯ ಹಾಗೆ ನವಿರು. “ನೋಡಿದ್ರಾ, ಫರ್ನ್! ದುಬಾಯಿಯ ಹೋಟೆಲಲ್ಲಿ ಇದಕ್ಕೆ ಎಷ್ಟು ಮರ್ಯಾದೆ ಗೊತ್ತುಂಟಾ?” ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ನಡುವೆ ಉದ್ದದ ಒರಟು ಎಲೆ ಬಂದರೆ ಗಿಡದ ಚಂದ ಕೆಡುತ್ತದೆ ಎಂದು ಅಟೆಂಡರಿನ ಕೈಯಲ್ಲಿ ಚಿವುಟಿಸುತ್ತಿದ್ದರು. ಶಾಲೆಯಲ್ಲಿ ಅದಕ್ಕೆ ‘ಸಂಚಾಲಕರ ಫರ್ನ್’ ಎಂದೇ ಹೆಸರಾಗಿತ್ತು. ಅದು ಮಣ್ಣಿನ ಜೊತೆ ಬಂದ ಬೀಜದಿಂದ ಹುಟ್ಟಿದ ಅಕೇಶಿಯಾ ಸಸಿ ಎಂಬುದು ಗೊತ್ತಿದ್ದವರಿಗೂ ಹೇಳುವ ಧೈರ್ಯವಿರಲಿಲ್ಲ.

ಶುಕ್ರವಾರ ಪಾಠಕ್ಕೆ ಮೊದಲು ನಾನು ಆ ಕೋಣೆಗೆ ಇಣುಕಿದೆ. ಮೇಜಿನ ಮೇಲೆ ಪಾಗಾರದ ಜರಿಗಿಡ ಬೇರು ಸಮೇತ ಇತ್ತು. ಹೂ, ಕೋಡು ಇದ್ದ ಅಕೇಶಿಯಾ ಕೊಂಬೆ ಇತ್ತು. ಅವೆರಡರ ನಡುವೆ ಸಂಚಾಲಕರ ಕುಂಡ! ಕುಂಡವನ್ನು ಎತ್ತಿ ಕಿಟಕಿಯ ಕೆಳಗೆ ಇಡಹೋದೆ. ಟೀಚರ್ ಬಂದು ನನ್ನ ಕೈಯಿಂದ ಕಸಿದುಕೊಂಡು ಮತ್ತೆ ನಡುವೆಯೇ ಇಟ್ಟರು.

“ಟೀಚರೇ, ಇವತ್ತೊಂದು ದಿನ ಇದು ಬೇಡ ಮಾರಾಯ್ರೆ. ನಿಮ್ಮ ಕ್ಲಾಸು ಉಳಿಯುವುದು ಬಿಡುವುದು ಅವರ ಕೈಯಲ್ಲಿ ಉಂಟು.”

ಅವರು ನನ್ನ ತೋಳು ಹಿಡಿದು ಹತ್ತಿರ ಎಳೆದರು. “ಜರಿಯ ಹಾಗೆ ಕಾಣುವುದನ್ನೇ ಅಡಗಿಸಿಟ್ರೆ ಮಕ್ಕಳು ವ್ಯತ್ಯಾಸ ಎಂತ ಕಲಿಯುವುದು? ಸುಳ್ಳು ಪಾಠ ಮಾಡಿ ಉಳಿಸಿಕೊಳ್ಳುವ ಕ್ಲಾಸು ನನಗೆ ಬೇಡ.”

ಸಂಚಾಲಕರು ಬಂದರು, ಹಿಂದೆ ಹೆಡ್ ಟೀಚರ್. ನನಗೆ ಆಗ ಪೀರಿಯಡ್ ಇರಲಿಲ್ಲ, ಹಿಂದಿನ ಬೆಂಚಿನಲ್ಲಿ ಕೂತೆ. ಟೀಚರ್ ಮೇಜು ಕುಟ್ಟಿದರು.

ಜರಿಗಿಡದ ವಕೀಲೆ ರಕ್ಷಿತಾ ಎದ್ದಳು. “ನಾನು ಜರಿ. ನನಗೆ ಹೂವಿಲ್ಲ, ಕಾಯಿ ಇಲ್ಲ, ಬೀಜವೂ ಇಲ್ಲ. ಆದ್ರೂ ಶಾಲೆಯ ಪಾಗಾರ ಪೂರ್ತಿ ನನ್ನದೇ.”

“ಬೀಜ ಇಲ್ಲದೆ ಮಕ್ಕಳು ಹೇಗೆ ಮಾರಾಯ್ತಿ?” ಎಂದ ಅಕೇಶಿಯಾದ ವಕೀಲ.

“ಎಲೆ ಮಗುಚು. ಕಂದು ಚುಕ್ಕೆ ಕಾಣ್ತದಾ? ಅದರೊಳಗೆ ಪುಡಿ ಉಂಟು, ಬೀಜಕ. ಅದು ಬಿದ್ದಲ್ಲಿ ಮೊದಲು ಉಗುರಿನಷ್ಟು ಹಸಿರು ಪೊರೆ ಹುಟ್ತದೆ. ಅದರಲ್ಲಿ ನೀರಿನ ಪಸೆ ಇದ್ರೆ ಮಾತ್ರ ಗಂಡು ಕಣ ಈಜಿಕೊಂಡು ಹೆಣ್ಣು ಕಣದ ಹತ್ರ ಹೋಗ್ತದೆ. ಆಮೇಲೆ ನಾನು ಹುಟ್ಟುವುದು.”

“ನನಗೆ ಈಜುವ ಕರ್ಮ ಇಲ್ಲ. ಹಳದಿ ಹೂ ಉಂಟು, ಜೇನ್ನೊಣ ಬಂದು ಪರಾಗ ಹೊತ್ತುಕೊಂಡು ಹೋಗ್ತದೆ. ಇಕೋ ಕೋಡು, ಒಳಗೆ ಕಪ್ಪು ಬೀಜ. ಬೀಜದೊಳಗೆ ಮರಿಗೆ ಬುತ್ತಿ ಕಟ್ಟಿಯೇ ಕಳಿಸ್ತೇನೆ ನಾನು. ನಿನ್ನ ಪುಡಿಗೆ ಬುತ್ತಿ ಉಂಟಾ?”

“ಬುತ್ತಿ ಇಲ್ಲ, ಅದಕ್ಕೇ ರಾಶಿ ರಾಶಿ ಉದುರಿಸ್ತೇನೆ. ನನ್ನ ಅಜ್ಜಂದಿರು ಭೂಮಿಗೆ ಬಂದಾಗ ನಿನ್ನ ಹೂವೂ ಇರ್ಲಿಲ್ಲ, ನಿನ್ನ ಜೇನ್ನೊಣವೂ ಇರ್ಲಿಲ್ಲ, ಗೊತ್ತುಂಟಾ?”

ಮಕ್ಕಳು ಹೋ ಎಂದರು. ಸಂಚಾಲಕರು ಮುಗುಳ್ನಕ್ಕರು. ನನಗೆ ಜೀವ ಬಂದ ಹಾಗಾಯಿತು. ಇಷ್ಟಕ್ಕೇ ಗಂಟೆ ಹೊಡೆಯಬಾರದೇ ದೇವರೇ ಎಂದುಕೊಂಡೆ. ಟೀಚರ್ ಕುಂಡವನ್ನು ಮುಂದಕ್ಕೆ ತಳ್ಳಿ ಮೇಜು ಕುಟ್ಟಿದರು.

ಕಿಟಕಿಯ ಪಕ್ಕದಿಂದ ಒಬ್ಬಳು ಹುಡುಗಿ ಎದ್ದಳು. ಸಭೆಯಲ್ಲಿ ದೂರು ಹೇಳಿದ ತಂದೆಯ ಮಗಳೇ ಅವಳು. ನನ್ನ ತರಗತಿಯಲ್ಲಿ ಅವಳು ಬಾಯಿ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ. ಸಂಚಾಲಕರನ್ನು ಒಮ್ಮೆ ನೋಡಿ ಶುರು ಮಾಡಿದಳು.

“ನಾನು ಈ ಕುಂಡದ ಗಿಡ. ನನಗೆ ಎಲ್ಲರೂ ಫರ್ನ್ ಅಂತ ಹೇಳ್ತಾರೆ. ನಾನು ಫರ್ನ್ ಅಲ್ಲ.”

ಹೆಡ್ ಟೀಚರ್ ಕೆಮ್ಮಿದರು. ಸಂಚಾಲಕರ ನಗು ಅಲ್ಲೇ ನಿಂತಿತು.

“ಫರ್ನ್ ಅಲ್ವಾ? ಯಾರು ಹೇಳಿದ್ದು? ಟೀಚರ್ ಹೇಳಿದ್ರಾ?”

“ಟೀಚರ್ ಎಂತದೂ ಹೇಳುವುದಿಲ್ಲ ಸರ್” ಎಂದಳು ಹುಡುಗಿ. “ನಾವೇ ನೋಡಿದ್ದು.”

ಕತೆ ಮುಗಿಯಿತು ಎಂದುಕೊಂಡೆ. ಟೀಚರ್ ಎಂತದೂ ಹೇಳುವುದಿಲ್ಲ ಎಂಬುದೇ ಅಲ್ಲವೇ ಅವರ ಮೇಲಿದ್ದ ದೂರು! ಅದನ್ನು ಈ ಮಗು ಸಂಚಾಲಕರ ಬಾಯಿಗೇ ಇಟ್ಟುಕೊಟ್ಟಿತು. ಟೀಚರತ್ತ ನೋಡಿದೆ. ಅವರು ಅಲುಗಲಿಲ್ಲ. ಸಂಚಾಲಕರ ಕಡೆ ಕೈ ಚಾಚಿ, ಮಕ್ಕಳಿಗೆ ಮಾಡುವ ಹಾಗೆಯೇ ಅಂಗೈ ಹೊರಳಿಸಿದರು.

ಸಂಚಾಲಕರು ಎದ್ದು ಮೇಜಿನ ಹತ್ತಿರ ಬಂದರು. ಒಂದು ಗರಿ ಮಗುಚಿದರು. ಇನ್ನೊಂದು ಮಗುಚಿದರು. ಚುಕ್ಕೆ ಇರಲಿಲ್ಲ.

“ಚುಕ್ಕೆ ಎಲ್ಲ ಎಲೆಯಲ್ಲೂ ಬರುವುದಿಲ್ಲ ಅಲ್ವಾ?” ಎಂದರು. ಸೋಲಲು ಮನಸ್ಸಿರಲಿಲ್ಲ ಅವರಿಗೆ.

“ಹೌದು ಸರ್, ಅದೊಂದೇ ಸಾಕಾಗುವುದಿಲ್ಲ. ಜರಿಯ ಎಳೆ ಎಲೆ ಸುರುಳಿ ಸುತ್ತಿಕೊಂಡು ಬರ್ತದೆ, ಇದರಲ್ಲಿ ಸುರುಳಿಯೂ ಇಲ್ಲ. ಮತ್ತೆ ಇಲ್ಲಿ ನೋಡಿ.” ಹುಡುಗಿ ಭೂತಗನ್ನಡಿ ಕೊಟ್ಟು ಗಿಡದ ಒಂದು ಎಲೆ ತೋರಿಸಿದಳು. ಅದರ ತುದಿಯಲ್ಲಿ ಗರಿ, ಬುಡದಲ್ಲಿ ತೊಟ್ಟು ಚಪ್ಪಟೆಯಾಗಿ ಅಗಲವಾಗಿತ್ತು.

“ಉಂದು ದಾದ? ಇದೆಂತದು?” ಎಂದರು ಸಂಚಾಲಕರು. ಆಶ್ಚರ್ಯವಾದರೆ ಅವರಿಗೆ ತುಳುವೇ ಬರುವುದು.

“ತೊಟ್ಟು ಸರ್. ಅಕೇಶಿಯಾ ಮರಿಯಾಗಿರುವಾಗ ಮಾತ್ರ ಹೀಗೆ ಗರಿ ಇರ್ತದೆ. ಆಮೇಲೆ ಗರಿ ಬರುವುದು ನಿಲ್ತದೆ. ತೊಟ್ಟೇ ಅಗಲ ಆಗಿ ಎಲೆಯ ಕೆಲಸ ಪೂರ್ತಿ ಮಾಡ್ತದೆ. ಮರದಲ್ಲಿ ನಾವು ಎಲೆ ಅಂತ ಹೇಳುವುದು ಎಲೆ ಅಲ್ಲ ಸರ್, ತೊಟ್ಟು.”

“ಹಾಗಾದ್ರೆ ನಾನು ಚಿವುಟಿಸಿದ ಒರಟು ಎಲೆ...”

“ಅದೇ ಸರ್. ಅದು ದೊಡ್ಡದಾಗ್ಲಿಕ್ಕೆ ನೋಡ್ತಾ ಇತ್ತು.”

ಸಂಚಾಲಕರು ಆ ಎಲೆಯನ್ನು ಹಿಡಿದುಕೊಂಡೇ ಟೀಚರ ಕಡೆ ನೋಡಿದರು. ಆಮೇಲೆ ನಮ್ಮತ್ತ ತಿರುಗಿದರು.

“ಅಲ್ಲ ಮಾರಾಯ್ರೆ, ಇಷ್ಟು ದಿನ ಊರಿಗೆಲ್ಲ ತೋರಿಸಿ ಮಂಗ ಆದೆನಲ್ಲ ನಾನು! ಮೇಡಂ, ಮಾಸ್ಟ್ರೇ, ಇಷ್ಟು ಜನ ಇದ್ದೀರಿ. ಒಬ್ಬರಿಗೂ ಬಾಯಿ ಬಿಟ್ಟು ಹೇಳ್ಲಿಕ್ಕೆ ಆಗ್ಲಿಲ್ವಾ?”

ಮಾತು ಬರುವ ನಮಗೆ ಯಾರಿಗೂ ಮಾತು ಬರಲಿಲ್ಲ. ಹೆಡ್ ಟೀಚರ್ ಸೀರೆಯ ಅಂಚು ಸರಿ ಮಾಡಿಕೊಂಡರು. ನಾನು ಬೆಂಚಿನ ಮೇಲೆ ಯಾರೋ ಕೆತ್ತಿದ್ದ ಹೆಸರನ್ನು ಓದುತ್ತ ಕೂತೆ.

ಗಂಟೆ ಹೊಡೆಯಿತು. ಮಕ್ಕಳು ಏಳಲಿಲ್ಲ. ಸಂಚಾಲಕರು ಹುಡುಗಿಯ ಹತ್ತಿರ ಇನ್ನೂ ಏನೇನೋ ಕೇಳಿದರು. ಜರಿಯ ಕಾಂಡ ಎಲ್ಲಿ, ಅಕೇಶಿಯಾದ ಬೇರಲ್ಲಿ ಗಂಟು ಎಂತಕ್ಕೆ ಎಂದೆಲ್ಲ. ನಾಲ್ಕು ಕಡೆಯಿಂದ ಮಕ್ಕಳು ಒಟ್ಟಿಗೆ ಉತ್ತರ ಕೊಡತೊಡಗಿದರು. ಇನ್ನೊಂದು ಪಕ್ಕದ ಕೋಣೆಯ ಮಾಸ್ತರು ಏನಾಯಿತೆಂದು ಬಾಗಿಲಿಗೆ ಬಂದು ನಿಂತರು. ಕೊನೆಗೆ ಸಂಚಾಲಕರು ಬಾಗಿಲ ಹತ್ತಿರ ಹೆಡ್ ಟೀಚರಿಗೆ ಹೇಳಿದ್ದು ನನಗೆ ಕೇಳಿಸಿತು: “ಲೈಬ್ರರಿಗೆ ಬೇರೆ ಯಾರನ್ನಾದ್ರೂ ನೋಡುವ. ಹತ್ತನೆಯದ್ದೂ ಇವರಿಗೇ ಇರ್ಲಿ. ಆ ಹುಡುಗಿಯ ಅಪ್ಪನ ಹತ್ರ ನಾನೇ ಮಾತಾಡ್ತೇನೆ.”

ಮಕ್ಕಳು ಹೋದ ಮೇಲೆ ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ಟೀಚರ್ ಬೋರ್ಡ್ ಒರೆಸುತ್ತಿದ್ದರು. ಅಷ್ಟು ಗದ್ದಲದಲ್ಲಿ ಬಾಗಿಲ ಹತ್ತಿರದ ಮಾತು ಅವರಿಗೆ ಕೇಳಿಸಿರಲಿಲ್ಲ. ಬೆನ್ನು ತಿರುಗಿಸದೆಯೇ ಏನೋ ಅಂದರು. ನಾನು ಹತ್ತಿರ ಹೋದೆ.

“ಸೋಮವಾರ ಹತ್ತನೇ ಕ್ಲಾಸಿಗೆ ಮೊದಲ ಪೀರಿಯಡ್ ಯಾರು ಹೋಗುವುದು?”

“ನೀವೇ ಟೀಚರೇ. ನೀವಲ್ಲದೆ ಮತ್ತೆ ಯಾರು?”

ಅವರು ಮಕ್ಕಳ ಬೆಂಚಿನ ಮೇಲೆ ಕುಸಿದು ಕೂತರು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಭುಜ ಅಲುಗುತ್ತಿತ್ತು, ಸದ್ದು ಮಾತ್ರ ಒಂದು ಚೂರೂ ಇರಲಿಲ್ಲ. ಗಡ್ಡೆ ಎಂದಾಗ ಅಳದವರು, ಸ್ವರ ಹೋದಾಗ ಅಳದವರು. ನಾನು ಅಲ್ಲೇ ನಿಂತೆ. ನನ್ನ ಕಣ್ಣೂ ಒದ್ದೆಯಾಯಿತು. ಸ್ವಲ್ಪ ಹೊತ್ತಿನ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ತಲೆ ಎತ್ತಿದರು. ನನ್ನನ್ನು ನೋಡಿ, ಬಾಗಿಲ ಕಡೆ ಕೈ ಬೀಸಿದರು.

“ಹೋಗಿ ಮಾಸ್ಟ್ರೇ, ನಿಂತು ಎಂತ ನೋಡ್ತೀರಿ? ನನಗೆ ಪಾಠ ತಯಾರು ಮಾಡ್ಲಿಕ್ಕುಂಟು.”